ಬೆಂಕಿ ನಿಲ್ಲದ ಮನೆ

ಚಕ್ರದ ಮೇಲಿನ ಮನೆಗೆ ಹದಿನೆಂಟು ಸಾವಿರ ಡಾಲರು. ಅದನ್ನು ಕ್ಯಾಂಪ್‌ಬೆಲ್‌ನಿಂದ ಎಳೆತಂದು ಸ್ಯಾನ್ ರಮೋನ್ ಗುಡ್ಡದ ಬುಡದಲ್ಲಿ ನಿಲ್ಲಿಸಲು ಒಂಬತ್ತು ಸಾವಿರ. ಹೊಸ ಟೈರು, ಅಚ್ಚುಗಳಿಗೆ ಹದಿನಾಲ್ಕು ನೂರು. ಕೌಂಟಿಯ ಪರವಾನಗಿ, ಫ್ರೀವೇ ಪರವಾನಗಿ, ಹಿಂದೆ ಮುಂದೆ ಬಾವುಟ ಕಟ್ಟಿದ ಬೆಂಗಾವಲು ಕಾರು, ನೀರು-ಕರೆಂಟಿನ ಜೋಡಣೆ ಎಲ್ಲ ಸೇರಿ ಮತ್ತೆ ಮೂರು ಸಾವಿರದ ಇನ್ನೂರು. ಎಚ್ಚರಿಕೆಯೊಂದು ಮಾತ್ರ ಪುಕ್ಕಟೆ ಬಂತು. ಪುಕ್ಕಟೆ ಬಂದದ್ದಕ್ಕೆ ಬಂಗಾರೆವ್ವ ಯಾವತ್ತೂ ಬೆಲೆ ಕೊಟ್ಟವಳಲ್ಲ.

ಎಚ್ಚರಿಕೆ ಕೊಟ್ಟವರು ಮನೆ ಮಾರಿದ ಬಸವಂತಪ್ಪನವರೇ. ಬಾಗಲಕೋಟೆ ಕಡೆಯವರು, ಎಪ್ಪತ್ತು ದಾಟಿದ, ಹೆಂಡತಿ ಸತ್ತ ಒಂಟಿ ಮನುಷ್ಯ. ಇಂಥ ಮನೆಗಳನ್ನು ನಿಲ್ಲಿಸುವ ಟ್ರೇಲರ್ ಪಾರ್ಕಿನವರು ಜಾಗ ಖಾಲಿ ಮಾಡಿ ಅಂದಿದ್ದರಿಂದ ವಾಲ್ನಟ್ ಕ್ರೀಕ್‌ನ ಅಪಾರ್ಟ್‌ಮೆಂಟಿಗೆ ಹೊರಟಿದ್ದರು. ಅಕ್ಟೋಬರಿನ ಬಿಸಿಲಲ್ಲೂ ಉಣ್ಣೆಯ ಟೊಪ್ಪಿಗೆ ಹಾಕಿಕೊಂಡಿದ್ದರು. ಚೆಕ್ಕು ಮಡಿಸಿ ಕಿಸೆಗೆ ಸೇರಿಸಿದ ಮೇಲೆ ದನಿ ತಗ್ಗಿಸಿದರು.

"ಅವ್ವಾರ, ಎರಡು ಮಾತು. ಈ ಮನಿ ಬಾಗಿಲ ಪಡುವಣಕ್ಕ ಮಕಾ ಮಾಡೇತಿ. ನಿಮ್ಮ ಜಾಗಾದಾಗೂ ಹಂಗ ಇರ್ಲಿ. ಮತ್ತ ನಾಕೂ ಮೂಲ್ಯಾಗ ನೆಲಕ್ಕ ತಾಮ್ರದ ಮಳಿ ಬಡದೈತಿ. ಅವನ್ನ ಕೀಳಬ್ಯಾಡ್ರಿ."

"ಕಿತ್ರ ಏನಾಕ್ಕೈತ್ರಿ?"

"ಬೆಂಕಿ ನಿಲ್ಲೂದಿಲ್ಲ."

ಬಂಗಾರೆವ್ವ ಗಟ್ಟಿಯಾಗಿ ನಕ್ಕಳು. "ಸುಟ್ಟ ಮನಿಯಿಂದ ಎದ್ದ ಬಂದೀವ್ರೀ ನಾವು. ಬೆಂಕಿ ನಿಲ್ಲದ ಮನಿ ಸಿಕ್ರ ಇನ್ನೇನ ಬೇಕ? ಮೊದಲ ಹೇಳಿದ್ರ ಇನ್ನೊಂದ ಸಾವಿರ ಹೆಚ್ಚಿಗಿ ಕೊಡ್ತಿದ್ವಿ."

ಬಸವಂತಪ್ಪ ನಗಲಿಲ್ಲ. "ಮಾಟದ್ದೈತ್ರೀ. ಕೊಳ್ಳೇಗಾಲದಾಂವ ದಿಗ್ಬಂಧನ ಹಾಕ್ಯಾನ. ಮನಿ ಸರಿದ್ರೂ ದಿಕ್ಕ ತಪ್ಪಬಾರದು."

"ಕೊಳ್ಳೇಗಾಲದಾಂವ ಇಲ್ಲೀತನಾ ಬಂದಿದ್ನೇನು?"

"ಇಲ್ಲ. ವಿಡಿಯೋ ಕಾಲ್‌ನ್ಯಾಗ."

ಈ ಸಲ ಅವಳ ಮಗ ನವೀನನೂ ನಕ್ಕ. ಸೊಸೆ ಮಾಧುರಿ ಬಾಯಿಗೆ ದುಪಟ್ಟಾ ಹಿಡಿದು ಕಾರಿನ ಕಡೆ ತಿರುಗಿದಳು.

ಬಂಗಾರೆವ್ವ ಇಂಥ ಮಾತಿಗೆ ಹೆದರುವ ಹೆಂಗಸಲ್ಲ. ಮೂವತ್ತೊಂದನೆಯ ವಯಸ್ಸಿಗೆ ಗಂಡ ಸತ್ತಾಗ ಮೈದುನರು ಅವಳ ಪಾತ್ರೆಗಳನ್ನು ಬೀದಿಗೆ ಎಸೆದಿದ್ದರು. ಅದೇ ಪಾತ್ರೆಗಳನ್ನು ಆರಿಸಿಕೊಂಡು ಗದಗಿನ ಬಸ್‌ಸ್ಟ್ಯಾಂಡಿನ ಹಿಂದೆ ರೊಟ್ಟಿ ಖಾನಾವಳಿ ಹಾಕಿ ಇಪ್ಪತ್ತಾರು ವರ್ಷ ನಡೆಸಿದಳು. ಎದುರಿನ ಖಾನಾವಳಿಯವನು ಒಮ್ಮೆ ಅವಳ ಬಾಗಿಲಿಗೆ ಕುಂಕುಮ ಹಚ್ಚಿದ ನಿಂಬೆಹಣ್ಣು ಎಸೆಸಿದ್ದ. ತೊಳೆದು ಉಪ್ಪಿನಕಾಯಿ ಹಾಕಿದ್ದಳು. ಗಿರಾಕಿಗಳು ಬೆರಳು ಚೀಪಿದ್ದರು. ಮೂರು ವರ್ಷದ ಹಿಂದೆ ಮಗನ ಮನೆಗೆ ಬಂದ ಮೇಲೂ ಅವಳ ಕೈ ಸುಮ್ಮನಿರಲಿಲ್ಲ. ಶನಿವಾರ ಶನಿವಾರ ಅವಳ ರೊಟ್ಟಿಗಾಗಿ ಜನ ಎಲ್ಲೆಲ್ಲಿಂದಲೋ ಕಾರು ಹತ್ತಿ ಬರುತ್ತಿದ್ದರು.

ಆ ಮನೆ ಆಗಸ್ಟಿನಲ್ಲಿ ಸುಟ್ಟುಹೋಯಿತು. ಗರಾಜಿನಲ್ಲಿ ಚಾರ್ಜಿಗೆ ಹಾಕಿದ್ದ ಸ್ಕೂಟರಿನ ಬ್ಯಾಟರಿ ಸಿಡಿದು, ನಲವತ್ತು ನಿಮಿಷದಲ್ಲಿ ಉಳಿದದ್ದು ಚಿಮಣಿಯೊಂದೇ. ಜನ ಉಳಿದರು, ಅದೇ ದೊಡ್ಡದು. ಮತ್ತೆ ಕಟ್ಟಲು ಎರಡು ವರ್ಷ. ಇನ್ಶೂರೆನ್ಸಿನವರು ಮೋಟೆಲ್ ಬಾಡಿಗೆ ಕೊಡುವುದು ನವೆಂಬರ್ ಕೊನೆಯವರೆಗೆ. ಸುಟ್ಟ ಜಾಗದಲ್ಲೇ ಚಕ್ರದ ಮೇಲೆ ತಂದ ಮನೆ ನಿಲ್ಲಿಸಿಕೊಂಡು ಇರಲು ಕೌಂಟಿ ಒಪ್ಪಿತ್ತು. ಹಾಗೆ ಸಿಕ್ಕಿದ್ದು ಈ ಮನೆ.

ಪರವಾನಗಿಗಳೆಲ್ಲ ಬರುವಷ್ಟರಲ್ಲಿ ನವೆಂಬರ್ ನಡು ದಾಟಿತ್ತು. ಸಾಗಿಸುವ ಹಿಂದಿನ ದಿನ ಬಂಗಾರೆವ್ವ ಖಾಲಿ ಮನೆ ಗುಡಿಸಲು ಹೋದಳು. ನಾಲ್ಕು ಮೂಲೆಯಲ್ಲೂ ಮೊಳೆ ನೋಡಿದಳು. ಗೇಣುದ್ದದ ಶುದ್ಧ ತಾಮ್ರ. ಮೊದಲನೆಯದು ಸೀರೆಯ ಅಂಚಿಗೆ ಸಿಕ್ಕಿ ಪರ್ರೆಂದಿತು. ಸಿಟ್ಟು ಬಂತು. ಸುತ್ತಿಗೆಯ ಕೊಂಡಿಗೆ ಸಿಕ್ಕಿಸಿ ಬಲಗೈಯಿಂದ ಒಂದೊಂದಾಗಿ ನಾಲ್ಕನ್ನೂ ಕಿತ್ತಳು. ಕಡೆಯದು ಬಂದಾಗ ನೆಲದಡಿಯಿಂದ ಒಂದು ಸದ್ದು ಕೇಳಿತು. ಚುಂಯ್. ಉರಿಯುವ ಕೆಂಡದ ಮೇಲೆ ಯಾರೋ ನೀರು ಸುರಿದ ಹಾಗೆ. ಪೈಪಿನದಿರಬೇಕು ಅಂದುಕೊಂಡು ಮೊಳೆಗಳನ್ನು ಚೀಲಕ್ಕೆ ಹಾಕಿಕೊಂಡಳು.

ನವೆಂಬರಾದರೂ ಮರುದಿನ ಬಿಸಿಲು ಚುರುಗುಟ್ಟುತ್ತಿತ್ತು. ಮನೆ 680 ಫ್ರೀವೇ ಮೇಲೆ ಆನೆಯ ಹಾಗೆ ತೂಗಾಡುತ್ತ ಬಂತು. ಜಾಗಕ್ಕೆ ತಂದು ಬ್ರೇಕು ಹಾಕಿದ ಡ್ರೈವರು ಕೆಳಗಿಳಿದವನೇ ನವೀನನ ಮೇಲೆ ರೇಗಿದ. ಎಳೆಯುವಾಗ ಒಳಗೆ ಜನ ಕೂರುವಂತಿಲ್ಲ, ಸಿಕ್ಕಿಬಿದ್ದರೆ ತನ್ನ ಲೈಸೆನ್ಸು ಹೋಗುತ್ತದೆ ಎಂದ.

"ಯಾರೂ ಇಲ್ವಲ್ಲ," ಎಂದ ನವೀನ.

ಅಡುಗೆಮನೆಯ ಕಿಟಕಿಯಲ್ಲಿ ತಲೆ ತುಂಬ ಸೆರಗು ಹೊದ್ದ ಹೆಂಗಸು ಇದ್ದಳಲ್ಲ, ದಾರಿಯುದ್ದಕ್ಕೂ ಕನ್ನಡಿಯಲ್ಲಿ ನೋಡಿದ್ದೇನೆ ಎಂದ ಡ್ರೈವರು. ಬಾಗಿಲಿನ ಬೀಗ ತೆಗೆದು ನೋಡಿದರು. ಯಾರೂ ಇರಲಿಲ್ಲ. ಅಡುಗೆಮನೆಯ ಗಾಜಿನ ಮೇಲೆ ಮಾತ್ರ ಒಳಗಿನಿಂದ ಇಬ್ಬನಿ ಕಟ್ಟಿ ನೀರು ಇಳಿಯುತ್ತಿತ್ತು.

"ಪೊಲೀಸ್ರು ದಂಡದ ಟಿಕೀಟ ಕೊಟ್ಟಿಲ್ಲ ಹೌದಿಲ್ಲೋ? ಮತ್ಯಾಕ ಚಿಂತಿ?" ಎಂದು ಬಂಗಾರೆವ್ವ ಅವನಿಗೆ ಮಜ್ಜಿಗೆ ಕೊಟ್ಟು ಸಮಾಧಾನ ಮಾಡಿದಳು.

ಬಾಗಿಲು ಪಡುವಣಕ್ಕೆ ಇಡಲು ಒಪ್ಪದವನು ನವೀನ. ಮಾಟ ಅಂದರೆ ನಕ್ಕವನೇ ಈಗ ಫೋನಿನ ದಿಕ್ಸೂಚಿ ಹಿಡಿದು ನಿಂತ.

"ವೆಸ್ಟ್ ಫೇಸಿಂಗ್ ಆಗಲ್ಲಮ್ಮ. ಮುಂದೆ ಮಾರೋವಾಗ ನಮ್ಮ ಜನ ಯಾರೂ ತಗೊಳಲ್ಲ. ಈಸ್ಟ್‌ಗೆ ತಿರುಗಿಸ್ತೀನಿ."

"ಆ ಅಜ್ಜ ಹೇಳಿದ್ದು?"

"ಅದು ಮೂಢನಂಬಿಕೆ. ವಾಸ್ತು ಸೈನ್ಸು."

ಮುನ್ನೂರು ಡಾಲರು ಹೆಚ್ಚು ಕೇಳುತ್ತೇನೆಂದ ಡ್ರೈವರು ಕೊನೆಗೆ ಮಜ್ಜಿಗೆಯ ಋಣಕ್ಕೆ ಪುಕ್ಕಟೆ ತಿರುಗಿಸಿದ. ಮನೆ ಮೂಡಣಕ್ಕೆ ಮುಖ ಮಾಡಿ ನಿಂತಿತು.

ಹಾಲುಕ್ಕಿಸುವ ದಿನ ಹಾಲು ಉಕ್ಕಲಿಲ್ಲ. ಗ್ಯಾಸು ಹಚ್ಚಿದರೆ ನೀಲಿ ಜ್ವಾಲೆ ಒಮ್ಮೆ ಎದ್ದು, ಹೆದರಿದ ಬೆಕ್ಕಿನ ಹಾಗೆ ಒಳಗೆ ಸೇರಿಕೊಂಡಿತು. ಮಾಧುರಿ ಕರೆಂಟಿನ ಒಲೆ ತಂದಳು. ಸುರುಳಿ ಕೆಂಪಗೆ ಕಾದಿತು. ಪಾತ್ರೆಯಲ್ಲಿ ಬೆರಳಿಟ್ಟರೆ ಹಾಲು ತಣ್ಣಗೆ. ದೇವರ ದೀಪ ಹಚ್ಚಿದ ಮರುಗಳಿಗೆ ಆರಿತು, ಗಾಳಿಯೇ ಇರಲಿಲ್ಲ. ರಿಪೇರಿಯವನು ಬಂದು ಎಲ್ಲ ಸರಿಯಿದೆ ಎಂದು ಹೇಳಿ ದುಡ್ಡು ಇಸಕೊಂಡು ಹೋದ.

ವಾಸನೆಯೊಂದು ಬೇರೆ. ಸುಟ್ಟ ಮನೆಯ ವಾಸನೆ ಅವರಿಗೆಲ್ಲ ಗೊತ್ತಿತ್ತು. ಇದು ಅದಲ್ಲ. ಇದು ನೀರು ಹೊಯ್ದು ಆರಿಸಿದ ಒಲೆಯದು. ಹಸಿ ಬೂದಿ, ತೊಯ್ದ ಇದ್ದಿಲು, ಅರ್ಧ ಬೆಂದ ಹಿಟ್ಟು. ದಿನಾ ಬೆಳಕು ಹರಿಯುವಾಗ ನೆಲದಡಿ ಅದೇ ಸದ್ದು. ಚುಂಯ್.

"ನೀರ ಹೊಯ್ಯಾಕಿ ಯಾರ ಬೇ ನೀ? ಮಕಾ ತೋರ್ಸು," ಎಂದು ಬಂಗಾರೆವ್ವ ನೆಲಕ್ಕೆ ಕಾಲು ಬಡಿದಳು. ಬೇಯಿಸಿದ್ದನ್ನು ಹೊರಗಿನಿಂದ ತರಿಸಿ ಉಂಡರು. ತುತ್ತು ಬಾಯಿಗೆ ಹೋಗುವಷ್ಟರಲ್ಲಿ ತಣ್ಣಗಾಗಿರುತ್ತಿತ್ತು. ಹೀಟರಿನ ಬಿಲ್ಲು ಏರಿತು. ಮನೆ ಮಾತ್ರ ಬಾವಿಯ ತಳದ ಹಾಗೆ ಇತ್ತು.

ಏಳು ವರ್ಷದ ಮೊಮ್ಮಗಳು ಗಾರ್ಗಿ ಮೂರನೆಯ ವಾರದಲ್ಲಿ ಊಟ ಬಿಟ್ಟಳು.

"ಐ ಆಮ್ ನಾಟ್ ಹಂಗ್ರಿ, ಅಜ್ಜಿ."

"ಹಂಗ್ರಿ ಇಲ್ಲ ಅಂದ್ರ? ಹೊಟ್ಟ್ಯಾಗ ಏನ ಐತಿ?"

ಗಾರ್ಗಿ ಹೊಟ್ಟೆಯ ಮೇಲೆ ಕೈಯಿಟ್ಟು ಯೋಚಿಸಿದಳು. "ಕೋಲ್ಡ್," ಎಂದಳು.

ಡಾಕ್ಟರು ರಕ್ತ ಪರೀಕ್ಷೆ ಬರೆದುಕೊಟ್ಟರು. ಅದರಲ್ಲೇನೂ ಸಿಗಲಿಲ್ಲ. ನಾಳೆಯಿಂದ ಮೋಟೆಲಿಗೆ ಹೋಗೋಣ, ಖರ್ಚಾದರೆ ಆಗಲಿ ಎಂದು ನವೀನ ರೂಮು ಹಿಡಿದ. ಆ ನಾಳೆಯ ಬೆಳಿಗ್ಗೆಯೇ ಅದು ನಡೆದದ್ದು.

ಡಿಸೆಂಬರಿನ ಮಂಜು. ಸುಟ್ಟ ಮನೆಯ ಚಿಮಣಿ ಹತ್ತು ಹೆಜ್ಜೆ ದೂರದಲ್ಲಿದ್ದರೂ ಕಾಣದಷ್ಟು. ನವೀನ, ಮಾಧುರಿ ಆಫೀಸಿಗೆ ಹೋಗಿದ್ದರು. ಒಂಬತ್ತು ಗಂಟೆಗೆ ಬಂಗಾರೆವ್ವ ಮಗುವನ್ನು ಎಬ್ಬಿಸಲು ಹೋದಳು. ಮುಟ್ಟಿದ ಕೈ ಹಿಂದಕ್ಕೆ ಬಂತು. ತುಟಿ ನೇರಳೆ. ಥರ್ಮಾಮೀಟರಿನಲ್ಲಿ ತೊಂಬತ್ತಮೂರು. ಎರಡು ನಿಮಿಷ ಬಿಟ್ಟು ಇಟ್ಟರೆ ತೊಂಬತ್ತೆರಡು.

ಮಾಧುರಿಗೆ ಫೋನು ಮಾಡಿದಳು, ಎರಡೇ ನಿಮಿಷಕ್ಕೆ ಅವಳು ತಿರುಗಿ ಮಾಡಿದಳು. "ಅತ್ತೆ, ಆಂಬುಲೆನ್ಸ್‌ಗೆ ಹೇಳಿದೀನಿ. ಮಂಜಲ್ಲಿ ಫ್ರೀವೇ ಮೇಲೆ ಗಾಡಿಗಳು ಡಿಕ್ಕಿ ಹೊಡ್ಕೊಂಡಿವೆಯಂತೆ, ಸುತ್ತಿ ಬರ್ಬೇಕಂತೆ. ಅವಳನ್ನ ಬೆಚ್ಚಗಿಡಿ. ಪ್ಲೀಸ್, ಬೆಚ್ಚಗಿಡಿ!"

ಬೆಚ್ಚಗಿಡಲು ಆ ಮನೆಯಲ್ಲಿ ಏನಿತ್ತು? ಬಂಗಾರೆವ್ವ ಇನ್ನೊಂದು ಫೋನು ಮಾಡಿದಳು.

"ಬಸವಂತಪ್ಪ, ಖರೇ ಹೇಳ್ರಿ. ನಿಮ್ಮ ಹೆಂಡ್ತಿ ಹೆಂಗ ಸತ್ತಳು?"

"ಹನ್ನೊಂದ ವರ್ಷದ ಹಿಂದ, ಜುಲೈ ತಿಂಗಳ್ರೀ. ಮೈ ಬರ್ಫ್ ಆಗಿತ್ತು." ಆಮೇಲೆ ಒಂದೊಂದೇ ಹೊರಬಂತು. ಸತ್ತ ತಮ್ಮನ ಹೆಂಡತಿ ನೀಲಗಂಗವ್ವ ಊರ ಮನೆಯಲ್ಲಿದ್ದಳು. ಅವಳನ್ನು ಕೇಳದೆ ಇಲ್ಲಿಂದಲೇ ಕಾಗದ ಕಳಿಸಿ ಮನೆ ಮಾರಿಸಿದರು. ಕೊಂಡವರ ಆಳುಗಳು ಬಂದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ಉರಿಯುವ ಒಲೆಗೆ ಕೊಡ ನೀರು ಸುರಿದು ಎಬ್ಬಿಸಿದರು. "ಆ ಹಸಿ ಬೂದಿ ಸೆರಗಿನ್ಯಾಗ ಕಟಗೊಂಡ ಹೋದ್ಳಂತ್ರಿ. ಯಾರ ಕಡೆ ಏನ ಮಾಡ್ಸಿದ್ಳೋ. ಮೂರ ತಿಂಗಳಿಗೆ ತೀರಿದ್ಳು. ಆಮ್ಯಾಲ ನಮಗೊಂದ ಪಾರ್ಸೆಲ್ ಬಂತು. ಚಟ್ನಿಪುಡಿ ಡಬ್ಬಿ ಅಂತ ನನ್ನ ಹೆಂಡ್ತಿ ತಗದ್ಳು."

"ಎಲ್ಲೈತಿ ಅದು?"

"ಒಲಿ ಬುಡಕ್ಕ. ನೆಲದಾಗ. ಹೊರಗ ತಗೀಬ್ಯಾಡ್ರಿ ಅವ್ವಾರ! ಮಳಿ ಮತ್ತ ಬಡೀರಿ, ಬಾಗಿಲ..."

"ಹದಿನೈದು ಟನ್ ಮನಿ ನಾ ಒಬ್ಬಾಕಿ ತಿರಗಸ್ಲೇನು? ನಾಚಿಗಿ ಬರ್ತೈತಿಲ್ಲೋ ನಿಮಗ? ಮನಿ ಮಾರಾಕ ಬಂದ್ರಿ, ಒಬ್ಬ ಹೆಣ್ಮಗಳ ಕತಿ ಹೇಳಾಕ ಬರ್ಲಿಲ್ಲ."

ಫೋನು ಸೆರಗಿಗೆ ಸಿಕ್ಕಿಸಿದಳು. ಒಲೆಯನ್ನು ಗೋಡೆಯಿಂದ ಎಳೆದಳು. ನೆಲದ ಹಲಗೆಯ ಸಂದಿಗೆ ಅದೇ ಸುತ್ತಿಗೆ ಹಾಕಿ ಮೀಟಿದಳು. ತಣ್ಣನೆಯ ಉಸಿರೊಂದು ಮುಖಕ್ಕೆ ಹೊಡೆಯಿತು. ಕತ್ತಲೆಯಲ್ಲಿ ಕೈಯಿಟ್ಟಳು. ಸ್ಟೀಲಿನ ಡಬ್ಬಿ. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೆತ್ತಿಸಿತ್ತು, ಪಾತ್ರೆಯಂಗಡಿಯಲ್ಲಿ ಎಲ್ಲರೂ ಕೆತ್ತಿಸುವ ಹಾಗೆ. ನೀಲಗಂಗವ್ವ. ಬೀದಿಗೆ ಬಿದ್ದ ತನ್ನ ಪಾತ್ರೆಗಳ ಮೇಲೂ ಇಂಥದೇ ಚುಕ್ಕಿಯ ಹೆಸರಿತ್ತು. ಒಂದು ಗಳಿಗೆ ಬಂಗಾರೆವ್ವನ ಕೈ ನಿಂತಿತು.

ಒಳಗಿನ ಬೂದಿ ಹನ್ನೊಂದು ವರ್ಷದ ಮೇಲೂ ಹಸಿ ಇತ್ತು.

ಡಬ್ಬಿಯನ್ನು ಕಂಕುಳಲ್ಲಿ ಇರುಕಿದಳು. ಗಾರ್ಗಿಯನ್ನು ಎರಡು ಕೌದಿಯಲ್ಲಿ ಸುತ್ತಿ ಹೊತ್ತಳು. ಹೊರಗೆ ಬಂದಳು. ಮಂಜು ಕಣ್ಣು ಮುಚ್ಚಿಸಿತು. ಹಿಂದೆ ಅಡುಗೆಮನೆಯ ಕಿಟಕಿ. ಅವಳು ತಿರುಗಲಿಲ್ಲ. ಅಲ್ಲಿ ಯಾರು ನಿಂತಿದ್ದಾರೆ ಅಂತ ಬೆನ್ನಿಗೇ ಗೊತ್ತಿತ್ತು.

ಸುಟ್ಟ ಮನೆಯ ಚಿಮಣಿಯ ಬುಡ. ಮೂರು ಇಟ್ಟಿಗೆ ಇಟ್ಟಳು. ಕರಕಲಾದ ತೊಲೆಯ ಚೂರುಗಳನ್ನು ಒಟ್ಟಿದಳು. ಕಡ್ಡಿ ಗೀರಿದಳು. ಆರಿತು. ಇನ್ನೊಂದು. ಆರಿತು. ಕಾಗದ ತುರುಕಿದಳು. ಆರಿತು. ಚುಂಯ್. ಈ ಸಲ ಕಿವಿಯ ಪಕ್ಕದಲ್ಲೇ. ಹಸಿ ಬೂದಿಯ ವಾಸನೆ ಹತ್ತಿರ ಬಂದು ಕುಳಿತಿತು. ಗಾರ್ಗಿಯ ನಡುಕ ನಿಂತಿತು. ನಡುಗುವುದಕ್ಕಿಂತ ಅದು ಕೆಟ್ಟದ್ದು.

"ಕುಂಡ್ರಬೇ," ಎಂದಳು ಬಂಗಾರೆವ್ವ ಮಂಜಿಗೆ. "ನೀಲಗಂಗವ್ವಾ, ನಿನಗ ಹೇಳಾಕತ್ತೀನಿ. ನಿನ್ನ ಒಲಿ ಆರಿಸಿದ್ರು, ಖರೇ. ನನ್ನನ್ನೂ ಹೊರಗ ಹಾಕ್ಯಾರ. ನನ್ನ ತವಾ ಗಟಾರದಾಗ ಬಿದ್ದಿತ್ತು. ನಾ ಯಾರ ಮಗೂನೂ ಮುಟ್ಟಲಿಲ್ಲ. ಖಾನಾವಳಿ ಹಾಕಿದೆ. ನಿನ್ನ ಹೊಟ್ಟಿ ಹಸದೈತಿ, ಈ ಕೂಸಿನ ಹೊಟ್ಟಿ ಯಾಕ ತಿಂತಿ?"

ಮತ್ತೊಂದು ಕಡ್ಡಿ ಗೀರಿದಳು, ಅದೂ ಆರಿತು. ಕಡ್ಡಿಪೆಟ್ಟಿಗೆಯಲ್ಲಿ ನಾಲ್ಕು ಕಡ್ಡಿ.

ಆಗ ಅವಳಿಗೆ ಹೊಳೆಯಿತು. ಬೆಳಿಗ್ಗೆ ಎದ್ದು ಒಲೆ ಸಾರಿಸದೆ ಯಾವ ಹೆಂಗಸು ಬೆಂಕಿ ಹಚ್ಚುತ್ತಾಳೆ? ಹನ್ನೊಂದು ವರ್ಷದಿಂದ ನೀಲಗಂಗವ್ವನ ಒಲೆಯನ್ನು ಯಾರೂ ಸಾರಿಸಿರಲಿಲ್ಲ. ಕಟ್ಟಿಹಾಕಿದ್ದರು, ಮೊಳೆ ಬಡಿದಿದ್ದರು, ತುಳಿದು ಓಡಾಡಿದ್ದರು.

ಡಬ್ಬಿಯೊಳಗೆ ಬಲಗೈ ಹಾಕಿದಳು. ಬೂದಿ ಬೆರಳುಗಳನ್ನು ಹಿಡಿದುಕೊಂಡಿತು. ಹಲ್ಲು ಕಚ್ಚಿ ತೆಗೆದಳು. ಮೂರು ಇಟ್ಟಿಗೆಗೂ ಬಳಿದಳು. ಮುಂಗೈ ಜೋಮು ಹಿಡಿಯಿತು. ಮತ್ತೆ ಅದ್ದಿದಳು. ಒಳಬದಿ, ಹೊರಬದಿ, ಮೇಲೆ. ಮಣಿಕಟ್ಟಿನವರೆಗೆ ಏನೂ ಇಲ್ಲದಂತಾಯಿತು. ಡಬ್ಬಿ ಬರಿದಾಯಿತು.

"ಇದು ನಿನ್ನ ಒಲಿ. ಇನ್ನ ನೀನ ಕಾಯಿ," ಎಂದು ಎಡಗೈಯಿಂದ ಕಡ್ಡಿ ಗೀರಿದಳು.

ನಿಂತಿತು.

ಕಾಗದ ಹಿಡಿಯಿತು. ತೊಲೆಯ ಚೂರು ಹಿಡಿಯಿತು. ಇಟ್ಟಿಗೆಯ ಮೇಲಿನ ಬೂದಿ ಒಣಗಿ ಬೆಳ್ಳಗಾಯಿತು. ಅದೇ ಹೊತ್ತಿಗೆ ಸೆರಗಿನಲ್ಲಿದ್ದ ಫೋನು ಗುಂಯ್‌ಗುಟ್ಟಿ ಇಂಗ್ಲಿಷಿನಲ್ಲಿ ಮೆಸೇಜು ತೋರಿಸಿತು: ಗಾಳಿ ಕೆಟ್ಟಿದೆ, ಇವತ್ತು ಕಟ್ಟಿಗೆ ಉರಿಸುವುದು ನಿಷಿದ್ಧ. ಬಂಗಾರೆವ್ವನಿಗೆ ಅದನ್ನು ಓದಲು ಬರುತ್ತಿರಲಿಲ್ಲ. ಬಂದಿದ್ದರೂ ಆರಿಸುತ್ತಿರಲಿಲ್ಲ.

ಮಗುವನ್ನು ಬೆಂಕಿಯ ಪಕ್ಕಕ್ಕೆ ಎಳೆದುಕೊಂಡಳು. ಒಳಗೋಡಿ ಹಿಟ್ಟು, ತವಾ, ನೀರು ತಂದಳು. ಮಾತು ಕೇಳದ ಬಲಗೈಯಲ್ಲೇ ರೊಟ್ಟಿ ಬಡಿದಳು. ಮೊದಲ ರೊಟ್ಟಿ ಸೊಟ್ಟಗಿತ್ತು. ಅದನ್ನು ಒಲೆಯ ಆಚೆಗೆ, ಯಾರೂ ಇಲ್ಲದ ಕಡೆಗೆ ಇಟ್ಟಳು.

"ಉಣ್ಣು. ಮೊದಲ ರೊಟ್ಟಿ ದಿನಾ ನಿಂದ."

ಮಂಜಿನಲ್ಲಿ ಸೆರಗಿನ ಸರಸರ ಸದ್ದಾಯಿತು. ರೊಟ್ಟಿಯ ಹಬೆ ಮೇಲೇರಲಿಲ್ಲ, ಅಡ್ಡಕ್ಕೆ ಹರಿದು ಹೋಯಿತು. ಯಾರೋ ಬಗ್ಗಿ ಉಸಿರೆಳೆದುಕೊಂಡ ಹಾಗೆ.

ಕೌದಿಯೊಳಗಿಂದ ಸಣ್ಣ ದನಿ. "ಅಜ್ಜಿ... ಐ ಆಮ್ ಹಂಗ್ರಿ."

ಬಂಗಾರೆವ್ವ ಅತ್ತದ್ದು ಆಗಲೇ.

ಹಿಂದೆ ಗಾಜು ಒಡೆಯಿತು. ಮೂರು ವಾರ ಆ ಮನೆ ನುಂಗಿದ್ದ ಬಿಸಿಯೆಲ್ಲ ಒಮ್ಮೆಗೇ ಹೊರಬಂತು. ಗ್ಯಾಸಿನದು, ಸುರುಳಿಯದು, ಹೀಟರಿನದು, ಆರಿಸಿದ ಒಂದೊಂದು ದೀಪದ್ದು. ಕಿಟಕಿ ಕೆಂಪಾಯಿತು. ಸೂರು ಎದ್ದಿತು. ಬೆಂಕಿ ನಿಲ್ಲದ ಮನೆ ಕಾಲು ಗಂಟೆಯಲ್ಲಿ ಅಚ್ಚಿನವರೆಗೂ ಸುಟ್ಟಿತು. ಆಂಬುಲೆನ್ಸು ಬಂದಾಗ ಅಜ್ಜಿ, ಮೊಮ್ಮಗಳು ಇಬ್ಬರೂ ಅದಕ್ಕೆ ಬೆನ್ನು ಮಾಡಿ ಕುಳಿತು ಬಿಸಿ ರೊಟ್ಟಿ ತಿನ್ನುತ್ತಿದ್ದರು.

ವಾರದ ಮೇಲೆ ಬಸವಂತಪ್ಪ ಫೋನು ಮಾಡಿದರು. "ಅವ್ವಾರ, ಅದು... ಎಲ್ಲಿ ಹೋತು?"

"ಎಲ್ಲೂ ಹೋಗಿಲ್ಲ. ನನ್ನ ಕಡೆ ಉಣ್ಣಾಕತ್ತೈತಿ. ನೀವೂ ಒಮ್ಮೆ ಬಂದು ಆಕಿ ಕಾಲಿಗೆ ಬೀಳ್ರಿ. ರೊಟ್ಟಿ ಹಾಕ್ತೀನಿ."

ಅವರು ಬರಲಿಲ್ಲ. ಹದಿನೆಂಟು ಸಾವಿರದ ಚೆಕ್ಕು ಟಪಾಲಿನಲ್ಲಿ ಬಂತು. ನವೀನ ಬ್ಯಾಂಕಿಗೆ ಹಾಕಲು ಹಿಂದೆಮುಂದೆ ನೋಡಿದ. ಬಂಗಾರೆವ್ವ ನೋಡಲಿಲ್ಲ. ಬಂಗಾರೆವ್ವನ ಮನೆಯವರು ಈಗ ಬಾಡಿಗೆಯ ಅಪಾರ್ಟ್‌ಮೆಂಟಿನಲ್ಲಿದ್ದಾರೆ. ಶನಿವಾರ ಮಾತ್ರ ಬೆಳಿಗ್ಗೆ ಆ ಮೂರಿಟ್ಟಿಗೆಯ ಒಲೆ ಹಚ್ಚಲು ಮಾಧುರಿ ಅತ್ತೆಯನ್ನು ಸುಟ್ಟ ಜಾಗಕ್ಕೆ ಬಿಡುತ್ತಾಳೆ. ಉಳಿದ ದಿನ ಅಪಾರ್ಟ್‌ಮೆಂಟಿನ ಒಲೆಯ ಪಕ್ಕದಲ್ಲೇ ಮೊದಲ ರೊಟ್ಟಿ ಇಡುತ್ತಾರೆ. ಒಂದು ದಿನವೂ ಅದು ಉಳಿದಿಲ್ಲ.

ಎರಡನೆಯ ಮನೆಯೂ ಹೋಯಿತು. ಬಂಗಾರೆವ್ವನ ಬಲಗೈಯ ಬಿಸಿ ಹೋಯಿತು. ಕಾದ ತವೆಯ ಮೇಲಿಟ್ಟರೂ ಆ ಕೈಗೆ ಗೊತ್ತಾಗುವುದಿಲ್ಲ, ಕಣ್ಣಿನಿಂದಲೇ ನೋಡಿಕೊಳ್ಳಬೇಕು. ಗಾರ್ಗಿ ಉಳಿದಳು. ರಸ್ತೆ ದಾಟುವಾಗ ಅವಳು ಅಜ್ಜಿಯ ಎಡಗಡೆಗೆ ಬಂದು ಕೈ ಹಿಡಿಯುತ್ತಾಳೆ.